ಉಳ್ಳಾಗಡ್ಡಿ ಇಲ್ಲರಿ, ಹೆಗಲಪಟ್ಟಿ ಐತಿ

ಮೊದಲ ಫೋನು ಬಂದಾಗ ನನ್ನ ಸೋದರತ್ತೆ ಜೀನ್ಸ್ ಬಟ್ಟೆಯ ನಾಲ್ಕು ಪದರಗಳನ್ನು ಒಟ್ಟಿಗೆ ಮಷೀನಿನ ಸೂಜಿಯ ಕೆಳಗೆ ನೂಕುತ್ತಿದ್ದಳು. ಹೊಸ ನಂಬರು ಕಂಡದ್ದೇ ಮಷೀನು ನಿಲ್ಲಿಸಿದಳು.

"ನೋಡಲೇ, ಯಾರೋ ಹೊರಗಿನೋರು. ನಿನ್ನ ವೆಬ್‌ಸೈಟು ಕೆಲಸ ಮಾಡಾಕ ಹತ್ತೈತಿ," ಎಂದು ಸ್ಪೀಕರಿಗೆ ಹಾಕಿದಳು.

ಆ ಕಡೆಯ ಗಡಸು ದನಿ ತಮಿಳಿನಲ್ಲಿ ಕೇಳಿತು: "ಬೆಲ್ಲಾರಿ ವೆಂಗಾಯಂ ಇರುಕ್ಕಾ?"

ಅತ್ತೆಗೆ ತಮಿಳು ಬಾರದು. ಬಳ್ಳಾರಿಯ ಅರ್ಧ ಊರಿಗೆ ಬರುವ ಹಾಗೆ ತೆಲುಗು ಬರುತ್ತದೆ. ಏನು ಬೇಕೆಂದು ತೆಲುಗಿನಲ್ಲಿ ಕೇಳಿದಳು. ಆತ ತನಗೆ ಬಂದಷ್ಟು ತೆಲುಗಿನಲ್ಲಿ, ಒಂದು ಲಾರಿ ಉಳ್ಳಾಗಡ್ಡಿ, ಗಾತ್ರ ದಪ್ಪಗಿರಬೇಕು, ಎಂದ. ಇದು ಬಟ್ಟೆ ಹೊಲಿಯುವ ಜಾಗವೆಂದು ಅತ್ತೆ ಹೇಳಿದರೆ ಆತ ನಂಬಲಿಲ್ಲ. ಹೆಸರು ನಿಮ್ಮದೇ, ನಂಬರು ನಿಮ್ಮದೇ, ದರ ಹೇಳಲು ಇಷ್ಟವಿಲ್ಲದಿದ್ದರೆ ಹಾಗಂತ ಹೇಳಿ, ಎಂದು ಸಿಟ್ಟು ಮಾಡಿಕೊಂಡು ಇಟ್ಟ.

ಆ ವಾರ ಇಂಥ ಫೋನುಗಳು ದಿನಕ್ಕೆ ಮೂರು ನಾಲ್ಕು ಬಂದವು. ತಮಿಳುನಾಡಿನ ಕಡೆ ದೊಡ್ಡ ಉಳ್ಳಾಗಡ್ಡಿಗೆ ನಮ್ಮ ಊರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಹುಟ್ಟಿದಾಗಿನಿಂದ ಇದ್ದ ಊರು ಇನ್ನೊಬ್ಬರ ಅಡುಗೆಮನೆಯಲ್ಲಿ ತರಕಾರಿಯಾಗಿರುವುದು ತಿಳಿದರೆ ಯಾರಿಗಾದರೂ ಕುತೂಹಲವಾಗಬೇಕು. ನನಗೂ ಆಯಿತು. ಆದರೆ ಕುತೂಹಲಕ್ಕಿಂತ ಮೊದಲು ನಾಚಿಕೆಯಾಯಿತು. ಏಕೆಂದರೆ ತಪ್ಪು ನನ್ನದು.

ಅತ್ತೆ ಇಪ್ಪತ್ತು ವರ್ಷ ಬೇರೆಯವರ ಹೆಸರಿನ ಪ್ಯಾಂಟುಗಳಿಗೆ ಜೇಬು ಹಚ್ಚಿದವಳು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಎಂದರೆ ಹಾಗೆಯೇ: ಒಬ್ಬರ ಮನೆಯಲ್ಲಿ ಕಾಲು, ಒಬ್ಬರ ಮನೆಯಲ್ಲಿ ಜೇಬು, ಇನ್ನೊಬ್ಬರ ಮನೆಯಲ್ಲಿ ಗುಂಡಿ. ಇಡೀ ಪ್ಯಾಂಟು ಯಾರದೂ ಅಲ್ಲ. ಹೋದ ವರ್ಷ ಅವಳು ತನ್ನದೇ ಆದ ಒಂದು ವಸ್ತು ಮಾಡಿದಳು. ಚೀಲ ಹೊರುವ ಹಮಾಲರು ಹೆಗಲ ಮೇಲೆ ಹಾಕಿಕೊಳ್ಳುವ ದಪ್ಪ ಪಟ್ಟಿ. ಹೊರಗೆ ಜೀನ್ಸ್, ಒಳಗೆ ಹತ್ತಿ, ಅಂಚಿಗೆ ಎರಡು ಸಾಲು ಹೊಲಿಗೆ. ಅದಕ್ಕೆ ಅವಳು ಇಟ್ಟ ಹೆಸರೂ ಅಷ್ಟೇ ನೇರ: ಹೆಗಲಪಟ್ಟಿ. ಜೊತೆಗೆ ಹೊಲಿಯಲು ಓಣಿಯ ಇಬ್ಬರು ಹೆಂಗಸರು ಬರುತ್ತಿದ್ದರು.

ಟೇಬಲ್ಲಿನ ಕೆಳಗೆ ಒಂದು ಗಂಟು ಇತ್ತು. ಜೇಬಿನ ಬಟ್ಟೆಯ ಗಂಟು. ಅವಳು ಮೊದಲು ಜೇಬು ಹಚ್ಚಿಕೊಡುತ್ತಿದ್ದ ಹಳೆಯ ಜೀನ್ಸ್ ಯೂನಿಟ್ಟಿನವರು ಕಳಿಸಿದ್ದು. ಅತ್ತೆ ಅದನ್ನು ಬಿಚ್ಚಿರಲಿಲ್ಲ, ವಾಪಸ್ಸೂ ಕಳಿಸಿರಲಿಲ್ಲ.

"ಸುಗ್ಗಿ ಶುರು ಆಗೋತನಕ ನೋಡ್ತೀನಿ," ಎಂದಿದ್ದಳು. "ಹೊರಗಿನ ಊರಿಂದ ಯಾರರ ಕೇಳಿದ್ರ ಪಟ್ಟಿ. ಇಲ್ಲಾಂದ್ರ ಆ ಗಂಟು ಬಿಚ್ಚಿ ಮತ್ತ ಜೇಬಿಗೆ ಕುಂದರತೀನಿ. ಅಳೋದೇನಿಲ್ಲ ಅದರಾಗ."

ಹೊರಗಿನ ಊರಿಗೆ ಗೊತ್ತಾಗುವಂತೆ ಮಾಡುವ ಜವಾಬ್ದಾರಿಯನ್ನು ನಾನು ಹೊತ್ತೆ. ಯಾರೂ ಹೊರಿಸಿರಲಿಲ್ಲ. ವೆಬ್‌ಸೈಟು ಮಾಡಿದೆ. ಒಂದು ತಿಂಗಳು ಯಾರೂ ಬರಲಿಲ್ಲ. ಬೇರೆ ವೆಬ್‌ಸೈಟುಗಳು ನಮ್ಮ ಪುಟದತ್ತ ಲಿಂಕ್ ಕೊಟ್ಟರೆ ಹುಡುಕುವವರಿಗೆ ನಾವು ಮೇಲೆ ಕಾಣುತ್ತೇವೆ ಎಂದು ಓದಿದೆ. ಸಾವಿರಾರು ಲಿಂಕುಗಳನ್ನು ಒಂದೇ ವಾರದಲ್ಲಿ ಹಾಕಿಕೊಡುವವರು ಸಿಕ್ಕರು. ಒಂದು ಫಾರಂ ಕಳಿಸಿದರು. ಅದರಲ್ಲಿ ಒಂದು ಖಾನೆ: ನಿಮ್ಮ ಮುಖ್ಯ ಪದ.

"ಹೆಗಲಪಟ್ಟಿ ಅಂತ ಬರಿ," ಎಂದಳು ಅತ್ತೆ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆಗೆ ತಂದವಳು. ಸುಮ್ಮನೆ ಬರೆಯಲು ಬರುವುದಿಲ್ಲ. ಹೊರಗಿನವರಿಗೆ ಹೆಗಲಪಟ್ಟಿ ಎಂಬ ಪದವೇ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ, ಊರಿನ ಹೆಸರಾದರೆ ದೇಶಕ್ಕೆಲ್ಲ ಗೊತ್ತು, ಅದರಲ್ಲೂ ಹೊರಗಿನವರ ಬಾಯಲ್ಲಿ ಇನ್ನೂ ಇಂಗ್ಲಿಷರ ಕಾಲದ ಬೆಲ್ಲಾರಿಯೇ ಇದೆ, ಆದ್ದರಿಂದ ಹಳೆಯ ಸ್ಪೆಲ್ಲಿಂಗಿನಲ್ಲಿ ಊರಿನ ಹೆಸರೊಂದೇ ಸಾಕು ಎಂದು ವಾದಿಸಿದೆ.

"ಆತು ತಾಯಿ. ನಿನ್ನ ಬಾಯಿ ಮುಂದ ಯಾರು ನಿಲ್ಲತಾರ," ಎಂದು ಅತ್ತೆ ದಾರ ಪೋಣಿಸತೊಡಗಿದಳು.

ಗೆದ್ದೆ ಅಂದುಕೊಂಡೆ. ಆ ಖಾನೆಯಲ್ಲಿ ಬೆಲ್ಲಾರಿ ಎಂಬ ಒಂದೇ ಪದ ಬರೆದೆ. ಎಲ್ಲೋ ಕುಳಿತ ಒಂದು ಯಂತ್ರ ಆ ಪದವನ್ನು ನೋಡಿ, ಓಹೋ, ಉಳ್ಳಾಗಡ್ಡಿ, ಎಂದುಕೊಂಡು ಕೆಲಸ ಶುರುಮಾಡಿತು.

ಫೋನುಗಳು ಬಂದ ಮೇಲೆ ಆ ಲಿಂಕುಗಳು ಎಲ್ಲಿವೆ ಎಂದು ಒಂದೊಂದಾಗಿ ತೆರೆದು ನೋಡಿದೆ. ಮೊದಲು ಸಿಟ್ಟಿನಿಂದ ಕೂತವಳು ಆಮೇಲೆ ಏಳಲಾಗಲಿಲ್ಲ. ಅಂಥ ಜಾಗಗಳನ್ನು ನಾನು ಕಂಡಿರಲಿಲ್ಲ. ಒಂದು ಪುಟದಲ್ಲಿ ಹಲ್ಲಿನ ಡಾಕ್ಟರು, ಬೀಗ ರಿಪೇರಿ, ಮೊಟ್ಟೆಯಿಲ್ಲದ ಕೇಕು, ಅದರ ಕೆಳಗೆ ನಮ್ಮ ಅತ್ತೆ: ಮೂರು ತಲೆಮಾರಿನಿಂದ ಉಳ್ಳಾಗಡ್ಡಿ ವ್ಯಾಪಾರದಲ್ಲಿ ವಿಶ್ವಾಸಕ್ಕೆ ಹೆಸರಾದವರು. ಇನ್ನೊಂದು ಪುಟದಲ್ಲಿ ಜೂಜಾಟದ ಜಾಹೀರಾತು, ನಾಯಿಮರಿ, ಮತ್ತೆ ಅದೇ ಮೂರು ತಲೆಮಾರು. ಎಲ್ಲ ಕಡೆಯೂ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು. ಕಮೆಂಟು ಬರೆದವರಿಲ್ಲ, ಪ್ರಶ್ನೆ ಕೇಳಿದವರಿಲ್ಲ. ಸಾಲುಸಾಲು ಮನೆ ಕಟ್ಟಿ, ಬಾಗಿಲಿಗೆ ಹೆಸರು ಬರೆಸಿ, ಒಬ್ಬರೂ ವಾಸಕ್ಕೆ ಬರದ ಬಡಾವಣೆ. ಇವನ್ನು ಯಾರು ಓದಲೆಂದು ಬರೆದರು? ಮನುಷ್ಯರು ಓದಲಿಕ್ಕಲ್ಲ. ಯಂತ್ರ ಬರೆದದ್ದನ್ನು ಯಂತ್ರ ಓದಿ ಮನುಷ್ಯರನ್ನು ನಂಬಿಸಲಿ ಎಂದು. ಈ ಧೈರ್ಯ ನನಗೆ ಮೆಚ್ಚುಗೆಯಾಗಬೇಕೋ ಹೇಸಿಗೆಯಾಗಬೇಕೋ ತಿಳಿಯಲಿಲ್ಲ.

ಅತ್ತೆ ನನ್ನ ಬೆನ್ನ ಹಿಂದೆ ನಿಂತು ನೋಡಿದಳು.

"ನನ್ನ ಮೂರು ತಲೆಮಾರು ಎಲ್ಲಿಂದ ತಂದ್ರಲೇ? ನಮ್ಮಪ್ಪ ಉಳ್ಳಾಗಡ್ಡಿ ಹೆಚ್ಚಾಕೂ ಬರ್ತಿದ್ದಿಲ್ಲ."

"ಇಷ್ಟು ಕಡೆ ಹೆಸರು ಐತಲ್ಲ ಅತ್ತಿ, ಒಂದಾದ್ರೂ..."

"ಸರ್ಕಲ್ಲಿನ್ಯಾಗ ಫ್ಲೆಕ್ಸ್ ಹಾಕತಾರಲ್ಲ, ಶುಭ ಕೋರುವವರು ಅಂತ ಐವತ್ತು ಮಾರಿ. ಅದರಾಗ ಒಬ್ಬನರ ನಿನ್ನ ಮನಿಗೆ ಬಂದು ನೀರು ಕುಡದಾನೇನು?"

ಇಂಥ ಮಾತು ಕೇಳಿದಾಗ ನನಗೆ ಚರ್ಚಾಸ್ಪರ್ಧೆಯ ಒಬ್ಬ ತೀರ್ಪುಗಾರರು ನೆನಪಾಗುತ್ತಾರೆ. ಅಂತಿಮ ಸುತ್ತಿನಲ್ಲಿ ನಾಲ್ಕು ನಿಮಿಷದಲ್ಲಿ ಹದಿನಾಲ್ಕು ಅಂಶ ಹೇಳಿ ಇಳಿದಿದ್ದೆ. ಸೋತೆ. ಯಾಕೆ ಎಂದು ಕೇಳಲು ಹೋದರೆ ಅವರು ತಮ್ಮ ಹಾಳೆ ತೋರಿಸಿದರು. ನನ್ನ ಹೆಸರಿನ ಕೆಳಗೆ ಅಂಕಿಗಳಷ್ಟೇ ಇದ್ದವು, ಒಂದರಿಂದ ಹದಿನಾಲ್ಕು. ಎದುರಾಳಿಯ ಹೆಸರಿನ ಕೆಳಗೆ ಒಂದು ಪೂರ್ತಿ ವಾಕ್ಯವಿತ್ತು. "ನಿನ್ನವು ಎಣಿಸಾಕ ಸಿಕ್ಕವು, ಅವನದು ಬರಕೊಳ್ಳಾಕ ಸಿಕ್ತು," ಎಂದಿದ್ದರು. ಅಂದು ಅವರಿಗೆ ಕಿವಿ ಮಂದ ಎಂದುಕೊಂಡಿದ್ದೆ.

ಆ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹುಡುಕು ತಾಣಕ್ಕೆ ತಿಳಿಸುವ ಒಂದು ದಾರಿ ಇದೆ. ಕೆಟ್ಟ ಪುಟಗಳ ವಿಳಾಸಗಳನ್ನೆಲ್ಲ ಒಂದು ಕಡತದಲ್ಲಿ ಬರೆದು ಕಳಿಸಬೇಕು. ಮೂರು ದಿನ ಕೂತು ಬರೆದೆ. ಆಮೇಲೆ ಕೇಳಿಕೊಂಡೆ: ಹಾಗಾದರೆ ಒಳ್ಳೆಯ ಲಿಂಕು ಯಾವುದು? ಒಂದು ಪುಟ ಇನ್ನೊಂದರ ಪರವಾಗಿ ನುಡಿಯುವ ಸಾಕ್ಷಿ ಎಂದುಕೊಳ್ಳೋಣ. ಸಾಕ್ಷಿಯ ತೂಕ ಎಲ್ಲಿಂದ ಬರುತ್ತದೆ? ಅವನು ಗಣ್ಯನೆಂಬುದರಿಂದಲೋ, ಕಂಡದ್ದನ್ನು ಹೇಳುತ್ತಾನೆ ಎಂಬುದರಿಂದಲೋ?

ನಾನು ಗಣ್ಯನಿಂದ ಶುರುಮಾಡಿದೆ. ಕುರುಗೋಡಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅಲ್ಲಿನ ಬೆಟ್ಟ, ಹಳೆಯ ಗುಡಿಗಳು, ಕಲ್ಲುಬರಹಗಳ ಬಗ್ಗೆ ಅವರು ನಡೆಸುವ ವೆಬ್‌ಸೈಟನ್ನು ಓದುವವರು ದೂರದೂರಲ್ಲಿದ್ದಾರೆ. ಬಸ್ಸು ಹತ್ತಿ ಹೋದೆ. ಮೇಷ್ಟ್ರು ಜಗುಲಿಯಲ್ಲಿ ಕೂರಿಸಿ ಮಂಡಕ್ಕಿ ಕೊಟ್ಟರು. ನಾನು ವಾದ ಮಂಡಿಸಿದೆ: ಗುಡಿ ಕಟ್ಟಿದ್ದು ಕಲ್ಲು ಹೊತ್ತವರು, ಹೊತ್ತವರಿಗೆ ಹೆಗಲಿತ್ತು, ಹೆಗಲಿನ ಚರಿತ್ರೆ ಇಲ್ಲದೆ ಗುಡಿಯ ಚರಿತ್ರೆ ಪೂರ್ತಿಯಲ್ಲ, ಆದ್ದರಿಂದ ನಿಮ್ಮ ಪುಟದಲ್ಲಿ ಹೆಗಲಪಟ್ಟಿಗೆ ಒಂದು ಲಿಂಕು ಸಹಜ.

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಭೇಷ್! ವಾದ ಗೆದ್ದಿ ನೋಡವ್ವ. ಲಿಂಕು ಕೊಡಂಗಿಲ್ಲ."

"ಗೆದ್ದ ಮ್ಯಾಲೆ ಯಾಕ ಸರ್?"

"ಕಲ್ಲು ನೋಡಾಕ ಬಂದೋನಿಗೆ ಪಟ್ಟಿ ತೋರಿಸಿದ್ರ ನಾಳೆ ಅವನು ನಾನು ತೋರಿಸಿದ ಕಲ್ಲೂ ನಂಬಂಗಿಲ್ಲ. ನನ್ನ ಮಾತಿಗೆ ಬೆಲಿ ಐತಿ ಅಂತ ತಾನ ಬಂದೀದಿ? ಅದು ಇರಲಿ ಅಂದ್ರ ನಾನು ಇಲ್ಲ ಅನ್ನಬೇಕಾಗತೈತಿ." ಮಂಡಕ್ಕಿಯ ತಟ್ಟೆ ನನ್ನ ಕಡೆ ಸರಿಸಿ, "ಅದನ್ನ ಹೊತ್ತೋರು ಯಾರಾದ್ರೂ ಅದಾರೇನು? ಅವರನ್ನ ಕೇಳು. ನಾನು ಜನ್ಮದಾಗ ಪುಸ್ತಕದ ಚೀಲ ಬಿಟ್ಟು ಏನೂ ಹೊತ್ತಿಲ್ಲ," ಎಂದರು.

ವಾಪಸ್ಸು ಬಂದು ಅತ್ತೆಯನ್ನು ಕೇಳಿದೆ. ಅವಳು ಕತ್ತರಿಯಿಂದ ಕಣ್ಣು ತೆಗೆಯದೆ, "ಸಿರುಗುಪ್ಪದ ಅಕ್ಕಿ ಮಿಲ್ಲಿನ್ಯಾಗ ಆರು ಮಂದಿಗೆ ಕೊಟ್ಟೀನಿ. ನಾಕು ತಿಂಗಳಾತು. ಹೊತ್ತು ನೋಡ್ರಿ, ಆಮ್ಯಾಲೆ ಹೇಳ್ರಿ ಅಂದೀನಿ," ಎಂದಳು.

"ನನಗ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ? ಮಾತಾಡಾಕ ಹತ್ತಿದ್ದಿ."

ಮರುವಾರ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಮಿಲ್ಲಿನ ಆಫೀಸಿನಲ್ಲಿ ಕೂತಿದ್ದ ಗುಮಾಸ್ತರಿಗೆ, ನಿಮ್ಮಿಂದ ಒಂದು ಲಿಂಕ್ ಬೇಕಿತ್ತು, ಎಂದೆ. ಅವರು ಗಾಬರಿಯಾಗಿ ಕುರ್ಚಿ ಹಿಂದೆ ಸರಿಸಿದರು.

"ಲಿಂಕಾ? ನಮಗ್ಯಾರ ಲಿಂಕೂ ಇಲ್ಲಮ್ಮ. ಮಿನಿಸ್ಟ್ರ ಕಡೆಯೋರು ಬೇಕಂದ್ರ ಬಳ್ಳಾರಿಯಾಗ ನೋಡ್ರಿ."

ಹೊರಗೆ ಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಹಮಾಲರ ಮೇಸ್ತ್ರಿ, ಎಲ್ಲರೂ ಚಾಚಾ ಎನ್ನುವವರು, ಅಲ್ಲಿಂದಲೇ ಕೂಗಿದರು: "ಅರೆ ಬೇಟಿ, ಲಿಂಕ್ ಬಂದ್ರ ಒತ್ತಬ್ಯಾಡ್ರಿ ಅಂತ ಬ್ಯಾಂಕಿನೋರು ದಿನಾ ಮೆಸೇಜ್ ಹಾಕತಾರ. ನೀನು ಮನಿಗೇ ಬಂದು ಕೇಳಾಕ ಹತ್ತೀಯಲ್ಲ!"

ನಮ್ಮ ಕಡೆ ಈ ಒಂದು ಪದದ ಮೇಲೆ ಎಷ್ಟು ಭಾರ ಹೇರಿದ್ದೇವೆ ಎಂದು ಆಗ ಹೊಳೆಯಿತು. ಲಿಂಕ್ ಎಂದರೆ ವಶೀಲಿ. ಲಿಂಕ್ ಎಂದರೆ ಮೋಸ. ಬ್ಯಾಂಕಿನಲ್ಲಿ ಲಿಂಕ್ ಇಲ್ಲ ಎಂದರೆ ನಾಳೆ ಬಾ. ಸಾಕ್ಷಿ ಎಂಬ ಅರ್ಥ ಮಾತ್ರ ಯಾರಿಗೂ ಇರಲಿಲ್ಲ.

ಮಿಲ್ಲಿಗೆ ಒಂದು ವೆಬ್‌ಸೈಟಿತ್ತು. ನಡೆಸುತ್ತಿದ್ದವರು ಮಾಲೀಕರ ಸೊಸೆ. ಯಾವ ಕಡೆಯ ನೆಲ್ಲು ಬಂತು, ಎಷ್ಟು ಹಸಿ ಇತ್ತು, ಅಕ್ಕಿ ಎಷ್ಟು ಮುರಿಯಿತು ಎಂದು ಅವರು ಇದ್ದದ್ದು ಇದ್ದಂತೆ ಬರೆಯುತ್ತಿದ್ದರು. ಕೆಂಚನಗುಡ್ಡದ ಕಡೆಯಿಂದ ಬಂದ ತಮ್ಮದೇ ನೆಲ್ಲು ಮಳೆಗೆ ನೆನೆದಿದೆ ಎಂದೂ ಒಂದು ಸಲ ಬರೆದಿದ್ದರು. ಬೇರೆ ಊರುಗಳ ಮಿಲ್ಲಿನವರು ಅದನ್ನು ಓದುತ್ತಿದ್ದದ್ದು ಅದಕ್ಕೇ.

"ಅಕ್ಕಾ, ನಿಮ್ಮ ಪುಟದಾಗ ನಮ್ಮದೊಂದು ಲಿಂಕ್ ಹಾಕ್ರಿ. ನಾವೂ ನಮ್ಮದರಾಗ ನಿಮ್ಮದು ಹಾಕತೀವಿ," ಎಂದು ಆಫೀಸಿಗೆ ಬಂದ ಸೊಸೆಗೆ ಹೇಳಿದೆ.

"ಅದು ಲಿಂಕಲ್ಲವ್ವ, ಮುಯ್ಯಿ," ಎಂದರು ಆಕೆ.

ಮದುವೆಯಲ್ಲಿ ನೀವು ನಮಗೆ ಉಡುಗೊರೆ ಮಾಡಿದರೆ ನಿಮ್ಮ ಮನೆಯ ಮದುವೆಯಲ್ಲಿ ನಾವು ಅಷ್ಟೇ ತಿರುಗಿ ಮಾಡುವ ಪದ್ಧತಿ ಮುಯ್ಯಿ. ಅದರಲ್ಲಿ ಮದುಮಕ್ಕಳ ಮೇಲಿನ ಪ್ರೀತಿ ಇರಬಹುದು, ಇಲ್ಲದಿರಬಹುದು. ಸೀರೆಯ ಬದಲು ಸೀರೆ ಬಂದರೆ ಮುಗಿಯಿತು. ನಾನು ಎಲ್ಲೆಲ್ಲೋ ಓದಿ ತಲೆ ಕೆಡಿಸಿಕೊಂಡಿದ್ದ ಒಂದು ವಿಷಯಕ್ಕೆ ಈಕೆ ಒಂದು ಪದದಲ್ಲಿ ಹೆಸರಿಟ್ಟರು.

ನಾನು ಬಿಡದೆ ಮೂರು ಕಾರಣ ಕೊಟ್ಟೆ. ಆಕೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ನೀ ಹಾಕ್ಕೊಂಡು ಚೀಲ ಹೊತ್ತೀಯೇನು?"

ಚಾಚಾ ಎದ್ದೇಬಿಟ್ಟರು. ಅರ್ಧ ತುಂಬಿದ ಒಂದು ಚೀಲ ಬಂತು. ನನ್ನ ಹೆಗಲಿಗೆ ಪಟ್ಟಿ ಹಾಕಿದರು. ಇಬ್ಬರು ಸೇರಿ ಚೀಲ ಏರಿಸಿದರು. ಮಿಲ್ಲಿನ ಅಂಗಳದಲ್ಲಿ ಹತ್ತು ಹೆಜ್ಜೆ. ಮೊದಲ ಮೂರು ಹೆಜ್ಜೆಯಲ್ಲಿ ಅತ್ತೆಯ ಬಗ್ಗೆ ಹೆಮ್ಮೆಯಾಯಿತು, ಹೆಗಲಿಗೆ ಏನೂ ಒತ್ತುತ್ತಿರಲಿಲ್ಲ. ಐದನೆಯದರಲ್ಲಿ ಪಟ್ಟಿ ಮೆಲ್ಲಗೆ ಕುತ್ತಿಗೆಯ ಕಡೆ ಜಾರತೊಡಗಿತು. ಎಂಟನೆಯದರಲ್ಲಿ ಅದು ಕಿವಿಯ ಕೆಳಗಿತ್ತು, ಚೀಲ ಬರಿ ಹೆಗಲ ಮೇಲಿತ್ತು.

"ಇಳಸ್ರಿ! ಇಳಸ್ರಿ!"

"ಯಾಕ, ವಾದ ಮುಗೀತೇನು?" ಹಮಾಲರಲ್ಲಿ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

"ಬೆವರು ಬಂದ್ರ ಜಾರತೈತಿ ಅಕ್ಕಾ," ಎಂದರು ಚಾಚಾ ಅವಳಿಗೆ, ತುಸು ಸಂಕೋಚದಿಂದ. "ಪಟ್ಟಿ ಚಲೋ ಐತಿ. ಮೊದಲು ಗೋಣಿ ಮಡಚಿ ಹಾಕ್ಕೊಂತಿದ್ವಿ, ಚರ್ಮ ಸುಲೀತಿತ್ತು. ಈಗಿಲ್ಲ. ಜಾರೋದಕ್ಕ ನಾನೊಂದು ಮಾಡೀನಿ ನೋಡ್ರಿ." ತಮ್ಮ ಪಟ್ಟಿ ತಂದು ತೋರಿಸಿದರು. ಅಂಚಿನಲ್ಲಿ ತೂತು ಮಾಡಿ, ಚೀಲ ಹೊಲಿಯುವ ದಾರದಿಂದ ಒಂದು ಕುಣಿಕೆ ಹಾಕಿ, ಕಂಕುಳ ಕೆಳಗಿಂದ ತಂದು ಎದೆಯ ಮೇಲೆ ಕಟ್ಟುವಂತೆ ಮಾಡಿದ್ದರು.

ಅತ್ತೆ ಪಟ್ಟಿಯನ್ನು ತಿರುವಿ ತಿರುವಿ ನೋಡಿದಳು. ಕುಣಿಕೆಯನ್ನು ಎಳೆದು ನೋಡಿದಳು. ನನಗೆ ಟೇಬಲ್ಲಿನ ಕೆಳಗಿನ ಗಂಟು ಕಣ್ಣ ಮುಂದೆ ಬಂತು.

"ಹೊಲಿಗಿ ಹೊಲಸು," ಎಂದಳು ಕೊನೆಗೆ. "ಬುದ್ಧಿ ಚಲೋ ಐತಿ. ಇದು ನಾ ಒಯ್ಯಲೇನು?"

"ನಿಮ್ಮದ ಐತಲ್ಲ, ಒಯ್ರಿ. ಹೊಸಾದು ಕಳಸ್ರಿ ಅಷ್ಟ."

ಸೊಸೆ ಇಷ್ಟನ್ನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಫೋನಿನಲ್ಲಿ ಚಾಚಾ ಅವರ ಹೆಗಲಿನದೂ ಪಟ್ಟಿಯದೂ ಚಿತ್ರ ತೆಗೆದುಕೊಂಡರು. "ಬರೀತೀನಿ," ಎಂದರು. "ಆದ್ರ ಜಾರತೈತಿ ಅಂತಾನೂ ಬರೀತೀನಿ."

ಬಸ್ಸಿನಲ್ಲಿ ನಾನು ಅತ್ತೆಗೆ ವಿವರಿಸಲು ನೋಡಿದೆ: ಇರುವುದೊಂದೇ ಲಿಂಕು, ಅದರಲ್ಲೂ ದೋಷ ಬರೆದರೆ ಗತಿ ಏನು, ಹೇಗಾದರೂ ಮಾಡಿ ಆ ಸಾಲು ತೆಗೆಸೋಣ.

"ಜಾರತೈತೋ ಇಲ್ಲೋ?"

"ಜಾರತೈತಿ."

"ಮತ್ತ?"

ಎರಡು ದಿನದಲ್ಲಿ ಬ್ರೂಸ್‌ಪೇಟೆಯ ಅಂಗಡಿಯಿಂದ ಅಗಲವಾದ ಲಾಡಿ ಪಟ್ಟಿ ತಂದು ಅತ್ತೆ ಕುಣಿಕೆಯನ್ನು ಸರಿಯಾಗಿ ಹೊಲಿದಳು. ನನ್ನ ಹೆಗಲ ಮೇಲೆ ಮನೆಯ ಅಕ್ಕಿ ಚೀಲ ಹೇರಿ ಓಣಿಯಲ್ಲಿ ನಡೆಸಿದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಜಾರಲಿಲ್ಲ. ಹೊಸ ಆರು ಪಟ್ಟಿ ಸಿರುಗುಪ್ಪಕ್ಕೆ ಹೋದವು.

ಸೊಸೆಯ ಬರಹ ಬಂತು. ಉದ್ದವೇನೂ ಇರಲಿಲ್ಲ. ಗೋಣಿಯಿಂದ ಚರ್ಮ ಸುಲಿಯುತ್ತಿದ್ದದ್ದು, ಪಟ್ಟಿ ಬಂದದ್ದು, ಬೆವರಿಗೆ ಜಾರಿದ್ದು, ಮೇಸ್ತ್ರಿ ಕುಣಿಕೆ ಹಾಕಿದ್ದು, ಹೊಲಿದಾಕೆ ಬಂದು ನೋಡಿ ಒಯ್ದು ತಿದ್ದಿದ್ದು. ಕೊನೆಯಲ್ಲಿ ಹೆಗಲಪಟ್ಟಿ ಎಂಬ ಪದದ ಮೇಲೆ ನಮ್ಮ ಪುಟಕ್ಕೆ ಲಿಂಕು. ಅತ್ತೆ ಮೊದಲೇ ಬರಿ ಎಂದಿದ್ದ ಪದ.

ನಾನು ಸಂದೇಹದವಳು. ಒಂದು ಬರಹದಿಂದ ಏನಾಗುತ್ತದೆ ಎಂದು ಕಾಯುತ್ತ ಕೂತೆ, ಏನೂ ಆಗುವುದಿಲ್ಲ ಎಂದು ಸಿದ್ಧಮಾಡಿಕೊಂಡ ವಾದದ ಜೊತೆಗೆ. ಎರಡು ವಾರ ಉಳ್ಳಾಗಡ್ಡಿಯವರೇ ಫೋನು ಮಾಡಿದರು. ಹೊಲಗಳಲ್ಲಿ ನೆಲ್ಲು ಹಳದಿಗೆ ತಿರುಗಿತು. ಹಳೆಯ ಯೂನಿಟ್ಟಿನವರು ಒಂದು ಸಲ ಹೇಳಿ ಕಳಿಸಿದರು, ಗಂಟು ಏನಾಯಿತು ಎಂದು.

ಒಂದು ಬೆಳಿಗ್ಗೆ ಫೋನು ಬಂತು. ಅತ್ತೆಯ ಬಾಯಲ್ಲಿ ದಾರವಿತ್ತು. ಅದನ್ನು ಕಚ್ಚಿಕೊಂಡೇ ಸ್ಪೀಕರಿಗೆ ಹಾಕಿ, "ಉಳ್ಳಾಗಡ್ಡಿ ಇಲ್ಲರಿ," ಎಂದಳು.

"ಉಳ್ಳಾಗಡ್ಡಿ ಯಾರಿಗೆ ಬೇಕ್ರಿ?" ಎಂದಿತು ಆ ಕಡೆಯ ದನಿ. "ಹೆಗಲಪಟ್ಟಿ ಹೊಲಿಯೋರು ನೀವ ಏನು? ನಾವು ರಾಯಚೂರು ಕಡೆ ಮಿಲ್ಲಿನೋರು."

ಅತ್ತೆ ದಾರ ತೆಗೆದಳು. ನಾನು ಫೋನಿನ ಹತ್ತಿರ ಬಗ್ಗಿ ಕೇಳಿದೆ: "ಎಲ್ಲಿ ನೋಡಿದ್ರಿ ಸರ್?"

"ಸಿರುಗುಪ್ಪದ ಮಿಲ್ಲಿನೋರು ಬರದಾರಲ್ಲ, ಅದರಾಗ. ಜಾರತೈತಿ ಅಂತ ಬರದಿದ್ರಲ್ಲ, ಅದು ಈಗ ಸರಿ ಆಗೇತೋ ಇಲ್ಲೋ? ಅದನ್ನ ಕೇಳಾಕ ಫೋನು ಹಚ್ಚಿದ್ದು."

ನಾನು ತೆಗೆಸಬೇಕೆಂದಿದ್ದ ಸಾಲನ್ನೇ ಹಿಡಿದುಕೊಂಡು ಅವರು ಬಂದಿದ್ದರು. ಒಂದು ಫೋನಿನಿಂದ ಏನೂ ಸಾಬೀತಾಗುವುದಿಲ್ಲ, ಕಾಕತಾಳೀಯವೂ ಇರಬಹುದು ಎಂದು ನನ್ನೊಳಗಿನ ಎದುರಾಳಿ ಎದ್ದು ನಿಂತ. ಅವನನ್ನು ಕೂರಿಸಲು ನನ್ನ ಬಳಿ ಇಂದಿಗೂ ಪುರಾವೆ ಇಲ್ಲ.

"ಆಗೇತ್ರಿ," ಎಂದಳು ಅತ್ತೆ. "ಆದ್ರ ನನ್ನ ಮಾತು ಕೇಳಬ್ಯಾಡ್ರಿ. ಆರು ಕಳಸ್ತೀನಿ. ಹೊತ್ತು ನೋಡ್ರಿ, ಆಮ್ಯಾಲೆ ಹೇಳ್ರಿ."

ಅವರು ಹದಿನೈದು ದಿನ ಬಿಟ್ಟು ಹೇಳಿದರು. ಇಡೀ ಮಿಲ್ಲಿಗೆ ಬೇಕೆಂದರು. ಸುಗ್ಗಿಗೆ ಮೊದಲು.

ಅಂದು ಅತ್ತೆ ಟೇಬಲ್ಲಿನ ಕೆಳಗೆ ಬಗ್ಗಿ ಗಂಟನ್ನು ಎಳೆದಳು. ಧೂಳು ಹೊಡೆದಳು. ಬಿಚ್ಚುತ್ತಾಳೇನೋ ಎಂದು ಹೊಲಿಯುತ್ತಿದ್ದ ಇಬ್ಬರೂ ಕೈ ನಿಲ್ಲಿಸಿ ನೋಡಿದರು. ಅವಳು ಅದನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಯೂನಿಟ್ಟಿಗೆ ಕೊಟ್ಟು ಬಾ. ಸ್ಕೂಟರ್ ಮ್ಯಾಲೆ ಹಿಂದ ಕಟ್ಟಿಕೊಂಡು ಹೋಗು."

"ಯಾಕ ಅಂತ ಕೇಳಿದ್ರ ಏನನ್ನಲಿ?"

"ಜೇಬು ಹಚ್ಚಂಗಿಲ್ಲ ಅನ್ನು. ಒಂದ ಮಾತು ಸಾಕು," ಎಂದು ಅತ್ತೆ ಮತ್ತೆ ಮಷೀನಿಗೆ ಕೂತಳು. "ಹದಿನಾಲ್ಕು ಕಾರಣ ಹೇಳಾಕ ನಿಂದ್ರಬ್ಯಾಡ ಅಲ್ಲಿ."